ಮೂರನೆಯ ಅಧ್ಯಾಯದಾಚೆ

ಮಗಳು ತುವಾ ಹುಟ್ಟಿದ ಮೇಲಿನ ಮೊದಲ ಈಸ್ಟರ್‌ನಲ್ಲಿ ಸಿಗ್ವೆ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ಬೆಟ್ಟದ ಮೇಲಿನ ಮರದ ಮನೆಯ ಹೊರಗೋಡೆಗೆ ಒರಗಿ, ಹಿಮಸಾರಂಗದ ಚರ್ಮ ಹಾಸಿಕೊಂಡು, ಅವನ ಮನೆಯವರೆಲ್ಲ ಬಿಸಿಲಿಗೆ ಕೂತಿದ್ದರು. ಎಲ್ಲರ ಮಡಿಲಲ್ಲೂ ಒಂದೇ ಪುಸ್ತಕ, ಎಲ್ಲರ ಪಕ್ಕದಲ್ಲೂ ಕಿತ್ತಳೆ ಸಿಪ್ಪೆಯ ಗುಡ್ಡೆ. ಸುನ್ನಿವಾ ಮಾತ್ರ ಒಳಗೆ, ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಪಾತ್ರೆ ತೊಳೆಯುವ ನೀರಿಗಾಗಿ ಒಲೆಯ ಮೇಲೆ ಹಿಮ ಕರಗಿಸುತ್ತಿದ್ದಳು. ಬಾಯಾರಿ ಒಳಗೆ ಬಂದ ಸಿಗ್ವೆಗೆ ಏನನ್ನಿಸಿತೋ, ಅವಳ ಹೆಗಲ ಮೇಲೆ ಗದ್ದ ಊರಿ ಹೇಳಿದ್ದ:

"ಒಂದಲ್ಲ ಒಂದು ಈಸ್ಟರ್‌ಗೆ ನೀನು ಮೊದಲ್ನೇ ಪುಟದಿಂದ ಕೊನೇ ಪುಟದವರೆಗೆ ಒಂದು ಪುಸ್ತಕ ಓದ್ತೀಯ. ಯಾರೂ ನಿನ್ನ ಕೂಗದ ಹಾಗೆ ನಾನು ನೋಡ್ಕೋತೀನಿ. ಮಾತು ಕೊಟ್ಟಿದೀನಿ, ನೆನಪಿಟ್ಕೋ."

ಸುನ್ನಿವಾ ನೆನಪಿಟ್ಟುಕೊಂಡಳು. ಅದೊಂದು ಕೆಟ್ಟ ಅಭ್ಯಾಸ ಅವಳಿಗೆ.

ಸಿಗ್ವೆಯ ತಾಯಿ ಆಸ್ಲಾಗ್ ಓದಿಗೂ ಕಾಲ ಗೊತ್ತುಮಾಡಿದ್ದವಳು. ಮಳೆ ಬಿಡದೆ ಸುರಿಯುವ ಶರತ್ಕಾಲಕ್ಕೆ ಮೂರು ತಲೆಮಾರು ಬಾಳಿ ಸಾಯುವ ದಪ್ಪ ಕಾದಂಬರಿಗಳು. ಕ್ರಿಸ್‌ಮಸ್‌ಗೆ ಯಾರು ಏನು ಉಡುಗೊರೆ ಕೊಟ್ಟರೋ ಅದು, ಚೆನ್ನಾಗಿಲ್ಲದಿದ್ದರೂ. ಬೇಸಿಗೆಗೆ ಪುಟದೊಳಗೆ ಮರಳು ಬಿದ್ದರೂ ಮರುಗಬೇಕಿಲ್ಲದಂಥವು. ಈಸ್ಟರ್‌ಗೆ ಮಾತ್ರ ಕೊಲೆ. "ಹೊರಗೆ ಇಷ್ಟು ಬೆಳ್ಳಗೆ ಹಿಮ ಬಿದ್ದಿರೋವಾಗ ಪುಸ್ತಕದಲ್ಲಾದ್ರೂ ಸ್ವಲ್ಪ ರಕ್ತ ಇರ್ಬೇಕು" ಅನ್ನುತ್ತಿದ್ದಳು. ಈಸ್ಟರ್‌ಗೆ ಪತ್ತೇದಾರಿ ಓದುವುದು ದೇಶಕ್ಕೆ ದೇಶದ್ದೇ ರೂಢಿ. ಆದರೆ ಆ ಮನೆಯವರಷ್ಟು ಶಿಸ್ತಿನಿಂದ ಓದಿದವರನ್ನು ಸುನ್ನಿವಾ ಬೇರೆಲ್ಲೂ ಕಂಡಿರಲಿಲ್ಲ. ಆಸ್ಲಾಗ್ ಒಂದು ಕಾದಂಬರಿ ಆರಿಸಿ, ತಲೆಗೊಂದರಂತೆ ಪ್ರತಿ ಕೊಂಡು ತರುತ್ತಿದ್ದಳು. ಶನಿವಾರ ಸಂಜೆ ಕುರಿಮಾಂಸದ ಊಟ ಮುಗಿದ ಮೇಲೆ ಚಮಚದಿಂದ ಲೋಟಕ್ಕೆ ಟಣ್ ಎಂದು ಬಡಿಯುತ್ತಿದ್ದಳು. ಅಲ್ಲಿಗೆ 'ತೀರ್ಪು' ಶುರು. ಯಾರ ಮೇಲೆ ಅನುಮಾನ ಬಂತು, ಎಲ್ಲಿ ಬಂತು, ಪುಸ್ತಕ ಒಳ್ಳೆಯದೋ ಕೆಟ್ಟದ್ದೋ, ಯಾಕೆ ಎಂದು ಒಬ್ಬೊಬ್ಬರೂ ಹೇಳಬೇಕು. ಓದದೆ ಮಾತಾಡುವಂತಿಲ್ಲ. ಮುಂಚೆಯೇ ಕೊನೆ ಬಿಟ್ಟುಕೊಡುವುದಂತೂ ಆ ಮನೆಯಲ್ಲಿ ಕೊಲೆಗಿಂತ ದೊಡ್ಡ ಅಪರಾಧ. ಮಕ್ಕಳಿಗೆ ಹನ್ನೆರಡು ತುಂಬಿದ ವರ್ಷ ಸ್ವಂತ ಪ್ರತಿಯೂ ತೀರ್ಪಿನ ಮೇಜಿನಲ್ಲಿ ಕುರ್ಚಿಯೂ ಸಿಗುತ್ತಿತ್ತು.

ಸುನ್ನಿವಾಗೆ ಪ್ರತಿವರ್ಷ ಪ್ರತಿ ಸಿಗುತ್ತಿತ್ತು, ಅದರಲ್ಲಿ ಮೋಸವಿರಲಿಲ್ಲ. ಬೆಟ್ಟದ ಮನೆಯ ಕಪಾಟಿನಲ್ಲಿ ಅವಳ ಪುಸ್ತಕಗಳನ್ನು ಯಾರು ಬೇಕಾದರೂ ಗುರುತಿಸಬಹುದಿತ್ತು. ಒಂದಕ್ಕೆ ಸಾರಿನ ಕಲೆ, ಒಂದು ಒಲೆಯ ಹಬೆಗೆ ಉಬ್ಬಿದ್ದು, ಇನ್ನೊಂದರ ಬೆನ್ನಿಗೆ ಮಗು ಕಚ್ಚಿದ ಗುರುತು. ಎಲ್ಲದರ ಮೂರನೆಯ ಅಧ್ಯಾಯದಲ್ಲಿ ಒಂದೊಂದು ಗುರುತಿನ ತುಂಡು ಸಿಕ್ಕಿಕೊಂಡಿತ್ತು: ಉಣ್ಣೆಯ ದಾರ, ಬೆಂಕಿಕಡ್ಡಿ, ಒಣಗಿದ ಕಿತ್ತಳೆ ಸಿಪ್ಪೆ. ಮೂರನೆಯ ಅಧ್ಯಾಯದ ಹೊತ್ತಿಗೆ ಯಾರದೋ ಕೈಗವಸು ಒದ್ದೆಯಾಗಿರುತ್ತಿತ್ತು, ಯಾರಿಗೋ ಹಸಿವಾಗಿರುತ್ತಿತ್ತು. "ಸುನ್ನಿವಾ" ಎಂದು ಹೊರಗಿನಿಂದ ಕೂಗು. ಸಿಟ್ಟಿನ ಕೂಗಲ್ಲ, ಪ್ರೀತಿಯದೇ.

ಒಂದು ವರ್ಷ ಅವಳು ಉಪಾಯ ಹೂಡಿದಳು. ಮನೆಯ ಹಿಂದಿನ ಮರದ ಕಕ್ಕಸಿಗೆ ಹೋಗಿ, ಚಿಲಕ ಹಾಕಿಕೊಂಡು, ಬ್ಯಾಟರಿ ಬೆಳಕಿನಲ್ಲಿ ಕೊನೆಯ ಅಧ್ಯಾಯವೊಂದನ್ನೇ ಓದಿ ಬಂದಳು. ತೀರ್ಪಿಗೆ ಕೂತು, "ಕೊಲೆಗಾರ ರಾತ್ರಿ ಅಂಗಳಕ್ಕೆ ಬಂದಾಗ ಆ ನಾಯಿ ಯಾಕೆ ಬೊಗಳ್ಲಿಲ್ಲ? ಅದೊಂದು ಲೋಪ" ಎಂದಳು, ಸ್ವಲ್ಪ ಗತ್ತಿನಿಂದಲೇ. ಸಿಗ್ವೆಯ ಅಣ್ಣ ಗೈರ್ಮುಂಡ್ ಕನ್ನಡಕ ಸರಿಮಾಡಿಕೊಂಡ.

"ಆ ನಾಯಿ ನಡುಪುಸ್ತಕದಲ್ಲೇ ಸತ್ತುಹೋಗಿತ್ತಲ್ಲ ಕಣಮ್ಮ. ಸತ್ ನಾಯಿ ಬೊಗಳೋದು ಹೇಗೆ?"

ಎಲ್ಲರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು, ಸಿಗ್ವೆಯೂ. ಅಂದಿನಿಂದ ಆ ಮನೆಯಲ್ಲಿ ಇಲ್ಲದ್ದಕ್ಕೆಲ್ಲ 'ಸುನ್ನಿವಾಳ ನಾಯಿ' ಎಂದೇ ಹೆಸರು. ಸಕ್ಕರೆ ಮುಗಿದಿದ್ದರೆ ಡಬ್ಬಿಯಲ್ಲಿ ಸುನ್ನಿವಾಳ ನಾಯಿ ಇದೆ. ಬಸ್ಸು ಬರದಿದ್ದರೆ ಸುನ್ನಿವಾಳ ನಾಯಿಯೇ ಅದನ್ನು ಓಡಿಸುತ್ತಿದೆ.

ಪುಸ್ತಕಕ್ಕಾಗಿ ಯಾರೂ ಗಂಡನನ್ನು ಬಿಡುವುದಿಲ್ಲ. ಬೇರೆ ಕಾರಣಗಳಿದ್ದವು. ಅವೂ ಹೇಳಹೊರಟರೆ ಒದ್ದೆ ಕೈಗವಸಿನಷ್ಟೇ ಚಿಕ್ಕವು. ಕೊನೆಗೆ ಒಂದು ಶರತ್ಕಾಲದಲ್ಲಿ ಅವಳು ಸಿಗ್ವೆಯನ್ನು ಬಿಟ್ಟು ಬರ್ಗೆನ್‌ನ ಗುಡ್ಡದ ಮೇಲೆ ಎರಡು ಕೋಣೆಯ ಮನೆ ಹಿಡಿದಳು. ಮಕ್ಕಳು ವಾರ ಅವಳ ಹತ್ತಿರ, ವಾರ ಅವನ ಹತ್ತಿರ. ಕ್ರಿಸ್‌ಮಸ್ ಅವಳದು, ಈಸ್ಟರ್ ಅವನದು. ಬೇರೆಯಾಗುವ ಕಾಗದಕ್ಕೆ ಸಹಿ ಹಾಕುವಾಗ ಅವಳಿಗೆ ಹೊಳೆದಿರಲಿಲ್ಲ, ಹೊರಗೆ ಬಂದು ಬಸ್ಸಿಗೆ ನಿಂತಾಗ ಹೊಳೆಯಿತು: ಬರುವ ಈಸ್ಟರ್ ತುವಾಗೆ ಹನ್ನೆರಡು ತುಂಬಿದ ಈಸ್ಟರ್.

ಆ ವರ್ಷಕ್ಕಾಗಿ ಮಗಳಿಗಿಂತ ಹೆಚ್ಚು ಕಾದಿದ್ದವಳು ಅವಳೇ. ಮೇಜಿನ ಒಂದು ಬದಿಗೆ ತಾವಿಬ್ಬರೂ ಕೂರುವುದನ್ನು ಎಷ್ಟೋ ಸಲ ಕಣ್ಣಿಗೆ ಕಟ್ಟಿಕೊಂಡಿದ್ದಳು. ಈಗ ತಾನಿಲ್ಲದಿದ್ದರೂ ಸರಿ, ಹುಡುಗಿಯಾದರೂ ಆ ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾತಾಡಬೇಕು. ಯಾರೂ ಅವಳನ್ನು ನೋಡಿ ನಗಬಾರದು. ಚಳಿಗಾಲವಿಡೀ, ವೃದ್ಧಾಶ್ರಮದ ಪಾಳಿ ಮುಗಿಸಿ ಬಂದು, ಅಡುಗೆಮನೆಯ ಮೇಜಿಗೆ ಮಗಳನ್ನು ಕೂರಿಸಿಕೊಂಡು ಗ್ರಂಥಾಲಯದಿಂದ ತಂದ ಪತ್ತೇದಾರಿಗಳನ್ನು ಓದಿಸಿದಳು. ಕೇಳುತ್ತ ಕೇಳುತ್ತ ತಾನು ನಿದ್ದೆಹೋಗುತ್ತಿದ್ದಳು. ತುವಾ ಮಾತ್ರ ಚುರುಕು.

"ಅಮ್ಮ, ಈ ಪುಸ್ತಕದಲ್ಲಿ ಯಾರಿಗೂ ಹಸಿವೇ ಆಗಲ್ಲ. ಮೂರು ದಿನದಿಂದ ಬರೀ ಕಾಫಿ ಕುಡೀತಿದಾನೆ ಈ ಪತ್ತೇದಾರ. ಕೊಲೆ ಆಗಿದ್ರೇನಂತೆ, ಊಟ ಬೇಡ್ವಾ?"

"ಅದು ಒಳ್ಳೇ ಮಾತು. ಅದನ್ನ ಹಾಗೇ ಮೇಜಿನ ಮುಂದೆ ಹೇಳು."

ಈಸ್ಟರ್ ರಜೆ ಶುರುವಾದ ದಿನ ಸಿಗ್ವೆ ಮಕ್ಕಳನ್ನು ಕರೆದೊಯ್ಯಲು ಬಂದ. ಬಾಗಿಲಲ್ಲೇ ನಿಂತು, ಕಾಗದ ಸುತ್ತಿದ ಒಂದು ಪೊಟ್ಟಣ ಚಾಚಿದ.

"ಅಮ್ಮ ಕಳಿಸಿದಾಳೆ. ನಿನ್ನ ಪ್ರತಿ. ಬೇಡಮ್ಮ ಅಂದೆ, ಕೇಳ್ಲಿಲ್ಲ."

ಸುನ್ನಿವಾ ಈಸಿಕೊಂಡಳು. ಒಳಗೆ ಆರು ವರ್ಷದ ಮಗ ಶುರ್ ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ. ಅವಳು ದನಿ ತಗ್ಗಿಸಿದಳು.

"ತುವಾಗೆ ಓದೋಕೆ ಬಿಡ್ಬೇಕು, ಸಿಗ್ವೆ. ಶುರ್‌ನ ನೀನು ನೋಡ್ಕೋ. ಅವಳನ್ನ ಅಡುಗೆಮನೇಲಿ ನಿಲ್ಲಿಸ್ಬೇಡಿ."

"ಅವಳು ಬರ್ತಿರೋದೇ ಓದೋಕೆ ತಾನೆ. ನನ್ನನ್ನ ಏನಂದ್ಕೊಂಡಿದೀಯ?"

"ಏನೂ ಅಂದ್ಕೊಂಡಿಲ್ಲ. ಹೇಳ್ತಿದೀನಿ ಅಷ್ಟೆ."

"ಆಯ್ತು ಮಾರಾಯ್ತಿ." ಅವನು ಚೀಲಗಳನ್ನು ಎತ್ತಿಕೊಂಡ. ಮೆಟ್ಟಿಲಿಳಿಯುವಾಗ ತಿರುಗಿ ನೋಡಿದ. "ನೀನೂ ಓದ್ಕೋ. ಈ ಸಲ ಯಾರೂ ಕೂಗಲ್ಲ ನಿನ್ನ."

ತಮಾಷೆಗೆ ಅಂದನೋ, ಒಳ್ಳೆಯ ಮನಸ್ಸಿನಿಂದ ಅಂದನೋ, ಅವಳಿಗೆ ಗೊತ್ತಾಗಲಿಲ್ಲ. ಪ್ರಾಯಶಃ ಅವನಿಗೂ ಗೊತ್ತಿರಲಿಲ್ಲ.

ತಾಯಿ ಮಗಳ ನಡುವೆ ಒಪ್ಪಂದವಾಗಿತ್ತು. ಕಕ್ಕಸಿನ ಹಿಂದಿನ ದಿಣ್ಣೆ ಹತ್ತಿದರೆ ಫೋನಿಗೆ ಸಿಗ್ನಲ್ ಸಿಗುತ್ತದೆ. ಶನಿವಾರ ಊಟಕ್ಕೆ ಮುಂಚೆ ತುವಾ ಅಲ್ಲಿಂದ ಕರೆ ಮಾಡಬೇಕು. ಯಾರ ಮೇಲೆ ಅನುಮಾನ, ಪುಸ್ತಕ ಹೇಗಿದೆ ಎಂದು ಇಬ್ಬರೂ ಹೇಳಿಕೊಳ್ಳಬೇಕು. ಮೊದಲ ತೀರ್ಪು ಅವರಿಬ್ಬರದೇ.

ಗುರುವಾರ ಅಂಗಡಿಗಳೆಲ್ಲ ಮುಚ್ಚಿದವು, ಊರು ಖಾಲಿಯಾಯಿತು. ಸುನ್ನಿವಾಗೆ ಭಾನುವಾರದವರೆಗೆ ಪಾಳಿ ಇರಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಒಂದು ತಟ್ಟೆಯಲ್ಲಿ ಕಿತ್ತಳೆ ಇಟ್ಟುಕೊಂಡು, ಮೊದಲ ಪುಟ ತೆರೆದಳು. ಒಂದು ದ್ವೀಪ, ಒಂದು ಲೈಟ್‌ಹೌಸ್, ಮಂಜು. ಮೂರನೆಯ ಅಧ್ಯಾಯಕ್ಕೆ ಬಂದಾಗ ತನಗೆ ತಿಳಿಯದೆಯೇ ಎದ್ದು, ಅಡುಗೆಮನೆಗೆ ಹೋಗಿ, ಆರಿದ್ದ ಒಲೆಯ ಮುಂದೆ ನಿಂತಿದ್ದಳು. ಯಾರೂ ಕೂಗಿರಲಿಲ್ಲ. ವಾಪಸು ಬಂದು ಕೂತಳು.

ನಾಲ್ಕನೆಯ ಅಧ್ಯಾಯ ಹೇಗಿರುತ್ತದೆಂದು ಅವಳು ವರ್ಷವರ್ಷವೂ ಊಹಿಸಿಕೊಂಡಿದ್ದಳು. ಅದು ಮೂರನೆಯ ಅಧ್ಯಾಯದ ಹಾಗೆಯೇ ಇತ್ತು. ಐದನೆಯದೂ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕೊಲೆ ಮಾಡಿದವನು ದೋಣಿ ನಡೆಸುವ ಮುದುಕನೇ ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಎಲ್ಲರಿಗಿಂತ ಒಳ್ಳೆಯವನಾಗಿದ್ದವನು ಅವನೊಬ್ಬನೇ. ಬರೆದವನಿಗೆ ಎಲ್ಲೆಲ್ಲಿ ದಾರಿ ತೋಚಲಿಲ್ಲವೋ ಅಲ್ಲೆಲ್ಲ ಮಂಜು ಕವಿಸಿದ್ದ. ಕೊನೆಯ ಪುಟ ಮುಗಿಸಿದಾಗ ಅವಳಿಗೆ ಮೊದಲು ಬಂದದ್ದು ಸಿಟ್ಟು. ಇದಕ್ಕಾ? ಆ ಗೋಡೆಗೆ ಒರಗಿ ಅವರೆಲ್ಲ ಮುಖ ಕೆಂಪಗೆ ಮಾಡಿಕೊಂಡು ಓದುತ್ತಿದ್ದದ್ದು, ತಾನು ಒಳಗೆ ನಿಂತು ಅಸೂಯೆಪಟ್ಟದ್ದು, ಇದಕ್ಕಾ?

ಆದರೂ ಅವಳಲ್ಲಿ ಈಗ ಒಂದು ಅಭಿಪ್ರಾಯವಿತ್ತು, ಇಡಿಯಾದ್ದು, ಮಧ್ಯದಲ್ಲಿ ತೂತಿಲ್ಲದ್ದು. ಪಾತ್ರೆ ತೊಳೆಯುವಾಗ ಅದನ್ನು ಗಟ್ಟಿಯಾಗಿ ಹೇಳಿ ನೋಡಿದಳು: "ಈ ಪುಸ್ತಕದಲ್ಲಿ ಮಂಜು ಸರಿದ್ರೆ ಏನೂ ಉಳಿಯಲ್ಲ." ಗೈರ್ಮುಂಡ್ ಅದಕ್ಕೆ ಏನನ್ನುತ್ತಿದ್ದ, ಆಸ್ಲಾಗ್ ಹೇಗೆ ಹುಬ್ಬೇರಿಸುತ್ತಿದ್ದಳು ಎಂದು ಯೋಚಿಸಿದಳು. ತುವಾಗೂ ಹೀಗೇ ಅನ್ನಿಸಿರಬಹುದೇ ಎಂದು ಮತ್ತೆ ಮತ್ತೆ ಕುತೂಹಲವಾಯಿತು. ಇದರಲ್ಲೂ ಯಾರೂ ಊಟ ಮಾಡುವುದಿಲ್ಲ. ಹುಡುಗಿ ಅದನ್ನು ಖಂಡಿತ ಹಿಡಿದಿರುತ್ತಾಳೆ.

ಶನಿವಾರ ಸಂಜೆ ಫೋನು ಬಂತು. ಮೊದಲು ಗಾಳಿಯ ಸದ್ದು, ಆಮೇಲೆ ತುವಾಳ ಏದುಸಿರು.

"ಅಮ್ಮ, ಬೇಗ ಹೇಳು, ಕೈ ಮರಗಟ್ಟಿದೆ. ಕೊಲೆ ಮಾಡಿದ್ದು ಯಾರು?"

ಸುನ್ನಿವಾ ನಕ್ಕಳು. "ಏಯ್ ಕಳ್ಳಿ. ಹಾಗೆಲ್ಲ ಕೇಳ್ಬಾರ್ದು. ನಿಂಗೆ ಯಾರ ಮೇಲೆ ಅನುಮಾನ, ಅದ್ಹೇಳು ಮೊದ್ಲು."

"ನಾನು ಓದಿಲ್ಲ."

"ಎಲ್ಲಿವರೆಗೆ ಓದಿದೀಯ?"

"ಮೂರನೇ ಅಧ್ಯಾಯದಲ್ಲಿದೀನಿ. ಶುರ್‌ಗೆ ಕಿವಿ ನೋವು ಅಮ್ಮ. ನನ್ನ ಬಿಟ್ಟು ಯಾರ ಹತ್ರನೂ ಹೋಗಲ್ಲ ಅಂತಾನೆ. ಆಮೇಲೆ ಎಲ್ರ ಕೈಗವಸು ಒಣಗಿಸ್ಬೇಕಿತ್ತು. ಅಜ್ಜಿಗೆ ಈಗ ಬಗ್ಗೋಕಾಗಲ್ಲ ಅಲ್ವಾ, ಹಿಮ ನಾನೇ ತರ್ತೀನಿ. ನಾನು ಆಲೂಗೆಡ್ಡೆ ಸಿಪ್ಪೆ ತೆಗೆದ್ರೆ ಥೇಟ್ ನಿನ್ನ ಹಾಗೇ ಇರುತ್ತಂತೆ. ಅಜ್ಜಿ ಹೇಳಿದ್ರು." ಹುಡುಗಿಯ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಸುನ್ನಿವಾಗೆ ತಡೆಯಲಾಗದ್ದು ಅದೇ.

"ಅಪ್ಪನ ಕೈಗೆ ಫೋನ್ ಕೊಡು."

"ಅಪ್ಪ ಕೊನೇ ಅಧ್ಯಾಯದಲ್ಲಿದಾನೆ. ಯಾರೂ ಕೂಗ್ಬೇಡಿ ಅಂದ. ಬಯ್ಬೇಡ ಅಮ್ಮ ಅವ್ನಿಗೆ. ಬೇಜಾರು ಮಾಡ್ಕೊಂಡ ಅವನೂ. ಮುಂದಿನ ಸಲ ನಾನು ಪೂರ್ತಿ ಓದೋ ಹಾಗೆ ನೋಡ್ಕೋತೀನಿ ಅಂದ. ಮಾತು ಕೊಟ್ಟಿದಾನೆ."

ಸುನ್ನಿವಾ ಕುರ್ಚಿಯ ತೋಳನ್ನು ಹಿಡಿದುಕೊಂಡಳು.

"ತುವಾ, ನನ್ಮಾತು ಕೇಳು. ಓದಿಲ್ಲ ಅಂತ ಹೇಳ್ಬಿಡು. ಮೂರೇ ಅಧ್ಯಾಯ ಓದಿದೀನಿ, ಯಾಕೆ ಅಂತ ಅಪ್ಪನ್ನ ಕೇಳಿ ಅಂತ, ಎಲ್ರ ಮುಂದೆ ಹೇಳು."

"ನೀನ್ಯಾಕೆ ಹೇಳ್ತಿರ್ಲಿಲ್ಲ?"

ತುವಾ ತಾನೇ ಮುಂದುವರಿಸಿದಳು, ದನಿ ಸಣ್ಣದಾಗಿತ್ತು.

"ದೊಡ್ಡಪ್ಪ ನಿನ್ನೆ ನನ್ನ ಪುಸ್ತಕ ಎತ್ತಿ ನೋಡಿದ್ರು. ಗುರುತು ಎಲ್ಲಿದೆ ಅಂತ. ಸುನ್ನಿವಾಳ ನಾಯಿ ಮರಿ ಹಾಕಿದೆ ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ. ಮೇಜಿಗೆ ಕೂರ್ತಿರೋದು ಮೊದಲ್ನೇ ಸಲ ಅಮ್ಮ. ನಂಗೆ ಏನಾದ್ರೂ ಒಂದು ಹೇಳ್ಬೇಕು. ಕೊನೇದು ಹೇಳ್ಬಿಡು, ಮಿಕ್ಕಿದ್ದು ನಾನು ಹೇಗೋ ಮಾಡ್ಕೋತೀನಿ."

ಸುನ್ನಿವಾ ಹೇಳಿದಳು. ದೋಣಿಯ ಮುದುಕನೇ ಕೊಂದದ್ದು. ಅವನು ಎಲ್ಲರಿಗಿಂತ ಒಳ್ಳೆಯವನಾಗಿದ್ದಾಗಲೇ ಅನುಮಾನ ಬಂತು ಅನ್ನು. ಇದರಲ್ಲೂ ಯಾರಿಗೂ ಹಸಿವಾಗುವುದಿಲ್ಲ, ಅದನ್ನೂ ಅನ್ನು. ಕೊನೆಗೆ ತನ್ನಲ್ಲಿದ್ದ ಆ ಒಂದನ್ನೂ ಕೊಟ್ಟುಬಿಟ್ಟಳು.

"ಈ ಪುಸ್ತಕದಲ್ಲಿ ಮಂಜು ಸರಿದ್ರೆ ಏನೂ ಉಳಿಯಲ್ಲ. ಹಾಗೇ ಹೇಳು."

"ಮಂಜು ಸರಿದ್ರೆ ಏನೂ ಉಳಿಯಲ್ಲ." ತುವಾ ಬಾಯಿಪಾಠ ಮಾಡಿಕೊಂಡಳು. "ಚೆನ್ನಾಗಿದೆ ಇದು. ಅಮ್ಮ, ಇದರಲ್ಲಿ ನಾಯಿ ಏನಾದ್ರೂ ಸಾಯುತ್ತಾ? ಇದ್ರೆ ಮೊದ್ಲೇ ಹೇಳ್ಬಿಡು."

"ಇಲ್ಲ ಪುಟ್ಟಿ. ಇದರಲ್ಲಿ ನಾಯಿ ಇಲ್ಲ."

ದೂರದಿಂದ ಒಂದು ಕೂಗು ಕೇಳಿಸಿತು. ಸಿಟ್ಟಿನ ಕೂಗಲ್ಲ, ಪ್ರೀತಿಯದೇ. ಹೆಸರು ಮಾತ್ರ ಬೇರೆ.

"ಅಜ್ಜಿ. ಆಲೂಗೆಡ್ಡೆ ಬೆಂದಿರ್ಬೇಕು. ಬರ್ತೀನಿ ಅಮ್ಮ."

ಸುನ್ನಿವಾ ಫೋನು ಕೆಳಗಿಟ್ಟಳು. ಪುಸ್ತಕದ ಮೇಲೆ ಒಂದು ಕಲೆಯೂ ಇರಲಿಲ್ಲ. ಅದನ್ನು ಎಲ್ಲಿಡುವುದೆಂದು ತೋಚದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದಳು.

ಒಂದಲ್ಲ ಒಂದು ಈಸ್ಟರ್‌ಗೆ ಅವಳು ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾಳೆ, ಯಾರೂ ಅವಳನ್ನು ಕೂಗುವುದಿಲ್ಲ ಎಂದು ಸಿಗ್ವೆ ಮಾತು ಕೊಟ್ಟಿದ್ದ. ಆ ಈಸ್ಟರ್‌ಗೆ ಅದು ನಡೆಯಿತು.