ನದಿಯಾಚೆಯ ಹಕ್ಕಿ ಮಾತು

"ಕಣ್ಣು ಅತ್ತಿತ್ತ ಆಡಿಸ್ಬೇಡ, ಚೆಂಗೆ. ಲೆಕ್ವಾರ್ ತಳ ಹಿಡಿದ್ರೆ ನಾನು ನಿನ್ನ ಕಿವಿ ಹಿಡೀತೀನಿ," ಅಂದಳು ಅರಂಕಾ ಅಜ್ಜಿ.

ಮೊಮ್ಮಗಳು ಕಿಸಕ್ಕನೆ ನಕ್ಕು ಪ್ಲಮ್ ಜಾಮ್ ಕುದಿಯುತ್ತಿದ್ದ ಕೊಪ್ಪರಿಗೆಯೊಳಗೆ ಹುಟ್ಟು ತಿರುವಿದಳು. ಮರುಗಳಿಗೆ ಇಬ್ಬರೂ ತಮ್ಮ ಗುಟ್ಟಿನ ಹಕ್ಕಿ ಮಾತಿಗೆ ಇಳಿದರು. ಬೆಂಚಿನ ಮೇಲೆ ಕೂತು ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದ ಎಮೊಕೆಯ ಚಾಕು ಅಲ್ಲೇ ನಿಂತಿತು.

ಚೆಂಗೆಯ ಅಪ್ಪನನ್ನು ಮದುವೆಯಾಗಿ ಅವಳು ಈ ಮನೆಗೆ ಬಂದು ಐದು ತಿಂಗಳು. ಊಟದ ಮೇಜಿನಲ್ಲಿ ನಗು ಎದ್ದಾಗಲೆಲ್ಲ ಅದು ಈ ಭಾಷೆಯಲ್ಲೇ. ತನ್ನ ಮೇಲೋ, ಇನ್ನಾರ ಮೇಲೋ, ಒಂದೂ ತಿಳಿಯದು. ಅದಕ್ಕೇ ತೀಸಾ ನದಿಯಾಚೆಯ ತವರಿಗೆ ಹೋದಾಗ ಅಕ್ಕನಿಂದ ಹಕ್ಕಿ ಮಾತು ಕಲಿತು ಬಂದಿದ್ದಳು. ಎರಡು ವಾರ ಸೈಕಲ್ ತುಳಿಯುತ್ತಾ ಒಬ್ಬಳೇ ಗೊಣಗಿ ರೂಢಿ ಮಾಡಿಕೊಂಡಿದ್ದಳು. ಈಗ ನೋಡಿದರೆ ಇವರ ಒಂದು ಮಾತೂ ತಿಳಿಯುತ್ತಿಲ್ಲ. ತನ್ನ ತಲೆ ಕೆಟ್ಟಿತೋ, ಇವರೇ ಬೇಕೆಂದು ಬದಲಿಸಿದರೋ?

ತಡೆಯಲಾರದೆ ಬಾಯಿಬಿಟ್ಟಳು. "ನರ್ಗನರ್ಗಗೂರ್ಗು ಬರ್ಗರುರ್ಗುತ್ತೆರ್ಗೆ."

"ಅಜ್ಜಿ, ಇವಳಿಗೇನಾಯ್ತು? ಗಂಟಲಲ್ಲಿ ಬೀಜ ಸಿಕ್ಕಿತಾ?" ಅಂದಳು ಚೆಂಗೆ.

"ನನಗೂ ಬರುತ್ತೆ ಅಂದೆ ಕಣೇ. ನಿಮ್ಮ ಹಕ್ಕಿ ಮಾತೇ."

"ನಮ್ಮದಲ್ಲ ತಾಯಿ," ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾವು ಮಾತಿನ ಮಧ್ಯ 'ವ' ಸೇರಿಸ್ತೀವಿ. ನೀನು ಸೇರಿಸಿದ 'ರ್ಗ' ಹೊಳೆಯಾಚೆಯ ಹಕ್ಕೀದು. ಪಾಪ, ಈಜಿ ಬಂದು ಶೀತ ಆಗಿದೆ ಅದಕ್ಕೆ."

ಎಮೊಕೆಯ ಕೆನ್ನೆ ಬಿಸಿಯಾಯಿತು. ಎದ್ದು ಒಳಗೆ ಹೋಗುವುದೋ, ಕೂತು ತಾನೂ ನಗುವುದೋ ತೋಚಲಿಲ್ಲ.

ಚೆಂಗೆ ಮಾತ್ರ ಏನೋ ಲೆಕ್ಕ ಹಾಕುತ್ತಿದ್ದಳು. "ಅಜ್ಜಿ, ನಿನಗೆ ಆ ರ್ಗ ಮಾತು ಬರುತ್ತಾ?"

"ಆ ಗೊರಕೆ ನನಗ್ಯಾಕೆ ಬರಬೇಕು?"

ಹುಡುಗಿ ಹುಟ್ಟನ್ನು ಅಜ್ಜಿಯ ಕೈಗೆ ತುರುಕಿ, ಬೆಂಚಿಗೆ ಬಂದು ಎಮೊಕೆಗೆ ಒತ್ತಿ ಕೂತಳು. "ನನಗೆ ಹೇಳ್ಕೊಡು. ಅಜ್ಜಿಗೆ ಬೇಡ."

ಒಂದು ಬುಟ್ಟಿ ಹಣ್ಣು ಮುಗಿಯುವುದರೊಳಗೆ ಹುಡುಗಿ ಪಾಠ ನುಂಗಿ ನೀರು ಕುಡಿದಿದ್ದಳು. ಎಮೊಕೆಯ ಕಿವಿಯಲ್ಲಿ ಸರಸರನೆ ಏನೋ ಉಸುರಿದಳು. ಕಲಿಸಿದವಳಿಗೇ ಅದರಲ್ಲಿ ಅರ್ಧ ಅರ್ಥವಾಗಲಿಲ್ಲ. ಆದರೂ ಅರ್ಥವಾದಂತೆ ನಕ್ಕಳು. ತಾನು ಒಳಗೆ ಬಂದೆನೋ, ಇನ್ನೊಬ್ಬರನ್ನು ಹೊರಗೆ ಹಾಕಿದೆನೋ, ಅದೂ ಅರ್ಥವಾಗಲಿಲ್ಲ.

"ಏನಂದಳು? ನನ್ನ ಬಗ್ಗೇನಾ?" ಅಜ್ಜಿ ಕೇಳಿದಳು.

"ಏನಿಲ್ಲ, ಅತ್ತೆ."

ಕೊಪ್ಪರಿಗೆಯಲ್ಲೊಂದು ದಪ್ಪ ಗುಳ್ಳೆ ಒಡೆದು ಅರಂಕಾಳ ಮುಂಗೈಗೆ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಕತ್ತು ಬೆಂಚಿನ ಕಡೆಗೇ ಚಾಚಿತ್ತು.