ನಿಮಿಷಕ್ಕೆ ಒಂದು ಮೀಟರ್

ಫಾಂಗ್‌ಲಿಯಾವ್ ಊರಿನ ಪಾರಿವಾಳ ಸಂಘದಲ್ಲಿ ಲೆಕ್ಕ ಹಾಕುವ ಕೆಲಸ ಹತ್ತೊಂಬತ್ತು ವರ್ಷಗಳಿಂದ ಬೀ-ಶ್ಯಾಳದು. ಹಡಗಿನಲ್ಲಿ ಒಯ್ದು ನಡುಸಮುದ್ರದಲ್ಲಿ ಬಿಟ್ಟ ಹಕ್ಕಿಗಳು ತಮ್ಮ ತಮ್ಮ ತಾರಸಿಗೆ ಹಾರಿ ಬರಬೇಕು. ಒಬ್ಬರ ಗೂಡು ಹತ್ತಿರ, ಇನ್ನೊಬ್ಬರದು ದೂರ. ಹಾಗಾಗಿ ಮೊದಲು ಬಂದದ್ದೇ ಗೆದ್ದಿತು ಎನ್ನುವಂತಿಲ್ಲ. ಹಾರಿದ ದೂರವನ್ನು ಹಿಡಿದ ನಿಮಿಷಗಳಿಂದ ಭಾಗಿಸಬೇಕು. ಯಾವುದರ ಸರಾಸರಿ ವೇಗ ಹೆಚ್ಚೋ ಗೆಲುವು ಅದರದು.

ಆ ವಸಂತದ ಕೊನೆಯ ಪಂದ್ಯದಲ್ಲಿ ಬೆಳಿಗ್ಗೆ ಏಳಕ್ಕೆ ಹಕ್ಕಿಗಳನ್ನು ಬಿಟ್ಟರು. ಹನ್ನೊಂದಕ್ಕೆ ಸರಿಯಾಗಿ ಎಲ್ಲಕ್ಕಿಂತ ಮೊದಲು ಬಂದಿಳಿದದ್ದು ಅವಳ ಗಂಡ ತಿಯೆನ್-ಪಾವ್‌ನ ಬೂದು ಪಾರಿವಾಳ. ಎರಡು ನಿಮಿಷದ ನಂತರ ಸಂಘದ ಇನ್ನೊಬ್ಬ ಸದಸ್ಯ ಜುವಾಂಗ್‌ನದು. ನಲವತ್ತು ವರ್ಷ ಪಾರಿವಾಳ ಸಾಕಿದ ತಿಯೆನ್-ಪಾವ್ ಒಮ್ಮೆಯೂ ಗೆದ್ದವನಲ್ಲ. ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದಿದ್ದ ಅವನಿಗೆ ಮುಂದಿನ ವಸಂತವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಸಂಘದ ಪುಸ್ತಕದಲ್ಲಿ ಅವನ ಗೂಡಿಗೆ ಎರಡು ಲಕ್ಷ ಎಂಬತ್ತೆಂಟು ಸಾವಿರ ಮೀಟರ್. ಇನ್ನೂರ ನಲವತ್ತು ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸಾವಿರದ ಇನ್ನೂರು. ಜುವಾಂಗ್‌ನದು ಸಾವಿರದ ನೂರ ತೊಂಬತ್ತಾರು. ಕೋಣೆಯಲ್ಲಿ ಚಪ್ಪಾಳೆ ಎದ್ದಿತು.

ಬೀ-ಶ್ಯಾಳ ಪೆನ್ನು ನಿಂತಿತು. ಪುಸ್ತಕದಲ್ಲಿದ್ದದ್ದು ಹಳೆಯ ಮನೆಯ ದೂರ. ಮೂರು ಮಹಡಿ ಹತ್ತಲಾರದೆ ಹೊಸ ವರ್ಷದ ಹೊತ್ತಿಗೆ ಅವರು ಕಡಲ ಕಡೆಯ ಬಾಡಿಗೆ ಮನೆಗೆ ಬಂದಿದ್ದರು. ಗೂಡೂ ಜೊತೆಗೆ ಬಂದಿತ್ತು. ಹಕ್ಕಿ ಬಿಟ್ಟ ಜಾಗಕ್ಕೆ ಅದು ಸಾವಿರದ ಇನ್ನೂರು ಮೀಟರ್ ಹತ್ತಿರ. ಮತ್ತೆ ಭಾಗಿಸಿದಳು. ಸಾವಿರದ ನೂರ ತೊಂಬತ್ತೈದು.

ಎದ್ದು ನಿಂತು ಎಲ್ಲರಿಗೂ ಹೇಳಿದಳು.

"ಬಿಡಿ ಅತ್ತಿಗೆ," ಎಂದ ಜುವಾಂಗ್. "ಪುಸ್ತಕದಲ್ಲಿ ಇರೋದೇ ಇರ್ಲಿ. ಅಣ್ಣ ಎಷ್ಟು ವರ್ಷ ಕಾದಿದ್ದಾನೆ!"

"ನಿಮ್ಮ ಹಕ್ಕಿ ಎರಡೂವರೆ ಕಿಲೋಮೀಟರ್ ಜಾಸ್ತಿ ಹಾರಿದೆ. ಅದನ್ನ ಎಲ್ಲಿ ಬಚ್ಚಿಡ್ಲಿ?"

ಮನೆಗೆ ಬಂದಾಗ ತಿಯೆನ್-ಪಾವ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದಿಂಬಿಗೊರಗಿ ಕೂತಿದ್ದ. ನೀನು ಗೆದ್ದೆ ಎಂದು ಯಾರೋ ಆಗಲೇ ಫೋನ್ ಮಾಡಿಬಿಟ್ಟಿದ್ದರು. ಅವಳು ಎಲ್ಲವನ್ನೂ ಹೇಳಿದಳು.

"ಎಷ್ಟರಲ್ಲಿ ಹೋಯ್ತು?"

"ನಿಮಿಷಕ್ಕೆ ಒಂದು ಮೀಟರ್."

"ಬಾಯ್ಮುಚ್ಕೊಂಡು ಇರೋಕೆ ಆಗ್ತಿರ್ಲಿಲ್ವಾ ನಿಂಗೆ?"

"ಆಗ್ತಿತ್ತು," ಎಂದಳು.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಅವಳು ತಂದಿಟ್ಟ ಮೀನಿನ ಗಂಜಿ ತಣ್ಣಗಾಗುತ್ತಿತ್ತು.

ಮೂರನೆಯ ಬೆಳಿಗ್ಗೆ, "ಸ್ವಲ್ಪ ಹಿಡ್ಕೋ, ಮೇಲೆ ಹೋಗೋಣ," ಎಂದ. ಮೆಟ್ಟಿಲು ಮೆಟ್ಟಿಲಿಗೂ ಉಸಿರು ತೆಗೆದುಕೊಳ್ಳುತ್ತಾ ಹತ್ತಿದ. ಬೂದು ಪಾರಿವಾಳವನ್ನು ಅಂಗೈಯಲ್ಲಿ ಹಿಡಿದು ರೆಕ್ಕೆ ಬಿಡಿಸಿ ನೋಡಿದ.

"ದೂರ ತಿದ್ದಿಸ್ಬೇಕು ಅಂತ ನಂಗೆ ಗೊತ್ತಿತ್ತು ಕಣೇ. ಗೂಡು ತಂದ ದಿನವೇ ಗೊತ್ತಿತ್ತು. ಸುಮ್ನಿದ್ದೆ."

ಬೀ-ಶ್ಯಾ ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಇಬ್ಬರೂ ಬಿಸಿಲೇರುವವರೆಗೆ ಅಲ್ಲೇ ಕೂತರು.

ಬೇಸಿಗೆ ಮುಗಿಯುವ ಮೊದಲೇ ಅವನು ತೀರಿಕೊಂಡ. ಅವನ ಹಕ್ಕಿಗಳನ್ನು ತಾನು ಸಾಕಲೆಂದು ಒಯ್ಯಲು ಬಂದ ಜುವಾಂಗ್, ಲೆಕ್ಕದ ಕೆಲಸ ಬಿಡಬೇಡಿ ಎಂದು ಕೇಳಿಕೊಂಡ. ಅವಳು ಒಪ್ಪಿದಳು, ಮೊದಲು ಎಲ್ಲರ ಗೂಡಿನ ದೂರವನ್ನೂ ಹೊಸದಾಗಿ ಅಳೆಯಬೇಕು ಎಂದಳು.