ಬಸವಪ್ರಸಾದ್ ಹುಟ್ಟಿದ ಊರು

ಮಿರ್ಲೆಯಲ್ಲಿ ಹೆರಿಗೆ ಆಸ್ಪತ್ರೆಯ ಉದ್ಘಾಟನೆಗೆ ಇನ್ನೊಂದೇ ದಿನವಿತ್ತು. ಅದನ್ನು ಕಟ್ಟಿಸಿದ ಬಸವಪ್ರಸಾದ್ ಬೆಂಗಳೂರಿನಿಂದ ಬಂದು, ತನ್ನನ್ನು ಸಾಕಿದ ಸೋದರತ್ತೆ ದೊಡ್ಡತಾಯಮ್ಮನ ಮನೆಯ ಜಗುಲಿಯ ಮೇಲೆ ಕೂತಿದ್ದ. ಅವನು ದೊಡ್ಡ ಮನುಷ್ಯ ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾವುದರಲ್ಲಿ ದೊಡ್ಡವನು ಎಂಬುದು ಮಾತ್ರ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಮುಂಬಯಿಯ ಆಡಿಟರ್ ಒಬ್ಬರ ಹತ್ತಿರ ಕೆಲಸ ಕಲಿತು, ಆಮೇಲೆ ಸ್ವಂತ ಪ್ರೈವೇಟ್ ಈಕ್ವಿಟಿ ಸಂಸ್ಥೆ ತೆರೆದು, ಹಣವಂತರ ದುಡ್ಡು ಒಟ್ಟುಮಾಡಿ, ಸೊರಗಿದ ಕಂಪನಿಗಳನ್ನು ಕೊಂಡು, ಐದಾರು ವರ್ಷ ನೆಟ್ಟಗೆ ನಡೆಸಿ ಮಾರುವುದು ಅವನ ಉದ್ಯೋಗ. ಹಾಲಿನ ಡೇರಿ, ಬಿತ್ತನೆ ಬೀಜದ ಕಂಪನಿ, ಔಷಧಿ ಕಾರ್ಖಾನೆ ಎಲ್ಲವೂ ಅವನ ಕೈಗೆ ಬಂದು ಹೋಗಿದ್ದವು. ಯಾವುದೇ ಕಂಪನಿಯ ಹುಟ್ಟು ಬುಡವನ್ನೆಲ್ಲ ಕೆದಕಿ ನೋಡದೆ ಸಹಿ ಹಾಕುವ ಆಸಾಮಿಯಲ್ಲ. ಐವತ್ತು ದಾಟಿದ ಮೇಲೆ ಗಳಿಕೆಯಲ್ಲಿ ದೊಡ್ಡ ಪಾಲನ್ನು ದಾನಕ್ಕೆಂದು ತೆಗೆದಿಟ್ಟು, ಮೊದಲ ಕೆಲಸ ಹುಟ್ಟಿದೂರಿಗೇ ಆಗಬೇಕೆಂದು ಹಟ ಹಿಡಿದ. ತಾಯಿ ರುಕ್ಮಿಣಮ್ಮನ ಹೆಸರಿನಲ್ಲಿ ಆಸ್ಪತ್ರೆ ಎದ್ದಿತು.

ಮರುದಿನದ ಭಾಷಣವನ್ನು ಅತ್ತೆಗೆ ಓದಿ ಹೇಳಿದ. 'ಈ ಊರಿನಲ್ಲೇ ಹುಟ್ಟಿದ ನಾನು' ಎಂಬಲ್ಲಿಗೆ ಬಂದಾಗ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡತಾಯಮ್ಮನ ಕೈ ನಿಂತಿತು.

"ನೀನು ಇಲ್ಲಿ ಉಟ್ದೋನಲ್ಲ ಕಣ್ ಮಗ," ಎಂದಳು. "ನಿಮ್ಮಪ್ಪ ಬೀಚನಳ್ಳಿಗೆ ಅಣೆಕಟ್ಟೆ ಕೆಲ್ಸಕ್ಕೆ ಓಗಿದ್ನಲ್ಲ, ಅಲ್ಲೇ ಕೂಲಿಯೋರ ಶೆಡ್ನಲ್ಲಿ ಉಟ್ದೋನು."

ಹೆರಿಗೆಯಾದ ಮೇಲೆ ರುಕ್ಮಿಣಮ್ಮ ಮೇಲೇಳಲೇ ಇಲ್ಲವಂತೆ. ಅವಳು ತೀರಿಕೊಂಡಾಗ ಹತ್ತಿರದ ಆದಿವಾಸಿಗಳ ಹಾಡಿಯ ಹೆಂಗಸೊಬ್ಬಳು ತನ್ನ ಕೂಸಿನ ಜೊತೆಗೆ ಇದಕ್ಕೂ ಹಾಲು ಕುಡಿಸಿ ಉಳಿಸಿದಳಂತೆ. ಮಗು ನಡೆಯುವ ಹೊತ್ತಿಗೆ ಅಪ್ಪ ನಂಜಯ್ಯ ತಂದು ಮಿರ್ಲೆಯಲ್ಲಿ ಬಿಟ್ಟ. ಆ ಹೆಂಗಸಿನ ಹೆಸರು ಅತ್ತೆಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲೇ ಇಲ್ಲವಲ್ಲ ಎಂದಳು.

ಮರುದಿನ ವೇದಿಕೆಯ ಮೇಲೆ ಅವನು ಆ ಸಾಲಿನ ಹತ್ತಿರ ತಡವರಿಸಿ, ನೀರು ಕುಡಿದು, ಅದನ್ನು ಹಾರಿಸಿ ಮುಂದಕ್ಕೆ ಓದಿದ. ಊರ ಹಿರಿಯ ವೀರಭದ್ರಸ್ವಾಮಿ 'ಮಿರ್ಲೆಯ ಮಣ್ಣಿನ ಮಗ' ಎಂದು ಹಾರ ಹಾಕಿದಾಗ, ಬೇರೆ ಯಾರಿಗೋ ತಂದದ್ದು ತಪ್ಪಿ ತನ್ನ ಕೊರಳಿಗೆ ಬಿತ್ತು ಅನ್ನಿಸಿತು. ಇಷ್ಟು ವರ್ಷ ಸುಳ್ಳು ಹೇಳಿದ್ದೇನೆಯೇ? ಬೆಳೆದದ್ದು ಇಲ್ಲೇ ಅಲ್ಲವೇ? ಊಟಕ್ಕೂ ನಿಲ್ಲದೆ, ಹುಣಸೂರಿನ ಮೇಲೆ ಕೋಟೆ ಪಟ್ಟಣದ ದಾರಿಯಲ್ಲಿ ಬೀಚನಹಳ್ಳಿಗೆ ನಡಿ ಎಂದು ಡ್ರೈವರ್ ಯತೀಶನಿಗೆ ಹೇಳಿದ.

ಬೀಚನಹಳ್ಳಿಯಲ್ಲಿ ಶೆಡ್ಡು ಎಲ್ಲಿತ್ತೆಂದು ಕೇಳಿದರೆ ಒಬ್ಬ ನಾಲೆಯ ಬದಿ ತೋರಿಸಿದ, ಇನ್ನೊಬ್ಬ ರೆಸಾರ್ಟಿನ ಗೇಟು ತೋರಿಸಿದ, ಟೀ ಅಂಗಡಿಯವನು ಅಣೆಕಟ್ಟೆಯ ನೀರನ್ನೇ ತೋರಿಸಿದ. ಕೊನೆಗೆ ಕಾಡಂಚಿನ ಹಾಡಿಯಲ್ಲಿ ಚೆನ್ನಿ ಎಂಬ ಮುದುಕಿ ಸಿಕ್ಕಳು. ಅಣೆಕಟ್ಟೆಯ ಕೆಲಸದಲ್ಲಿ ಮಣ್ಣು ಹೊತ್ತವಳು. ಅವನು ಎಲ್ಲವನ್ನೂ ಹೇಳಿದ. ಮುದುಕಿ ಅವನ ಮುಖವನ್ನು ನೋಡಿದಳು.

"ಕುಡ್ಸಿರ್ಬೌದು ಸ್ವಾಮಿ. ಶೆಡ್ನಲ್ಲಿ ಬೇಜಾನ್ ಕೂಸು ಇದ್ವು. ನಾನೂ ಕುಡ್ಸಿವ್ನಿ, ನಮ್ಮಕ್ಕನೂ ಕುಡ್ಸವ್ಳೆ. ಅಳೋ ಕೂಸು ಯಾರ್ದು ಅಂತ ಯಾರ್ ಕೇಳ್ತಿದ್ರು?"

"ಆ ಕೂಸು ನಾನೇನಾ ಅಂತ ಹೆಂಗೆ ತಿಳಿಯೋದು, ಅಜ್ಜಿ?"

"ನಂಗೇನ್ ಗೊತ್ತು, ನೀವೇ ಯೋಳ್ಬೇಕು."

ಬುಡವನ್ನೆಲ್ಲ ಮೊದಲೇ ಕೆದಕಿಕೊಂಡು ಬಂದು, ಒಂದೇ ಭೇಟಿಯಲ್ಲಿ ಹೌದು ಅಲ್ಲ ಎಂದು ತೀರ್ಮಾನಿಸಿ ಏಳುತ್ತಿದ್ದ ಮನುಷ್ಯ ಅವನು. ಈಗ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಹಾಡಿಗೆ ಏನಾದರೂ ಮಾಡಿಕೊಡಬೇಕೆಂದಿದ್ದೇನೆ, ಏನು ಬೇಕು ಹೇಳಿ ಎಂದ. ಮುದುಕಿ ರಸ್ತೆಯ ಕಡೆ ನೋಡಿ, ಕಾರು ಖಾಲಿ ಇದೆಯೇ ಎಂದು ಕೇಳಿದಳು. ಮೊಮ್ಮಗನ ಹೆಂಡತಿ ಶೋಭಾಳ ಮಗುವಿಗೆ ನಿನ್ನೆಯಿಂದ ಜ್ವರ, ಬಸ್ಸು ಹೊರಟುಹೋಗಿತ್ತು.

ಕೋಟೆಯ ಆಸ್ಪತ್ರೆಯಲ್ಲಿ ನರ್ಸು ಮಗುವಿನ ಹೆಸರು ಅಭಿಷೇಕ ಎಂದು ಬರೆದುಕೊಂಡು, ಬಟ್ಟೆಯ ಚೀಲ ಹಿಡಿದು ನಿಂತಿದ್ದ ಬಸವಪ್ರಸಾದನ ಕಡೆ ತಲೆಯೆತ್ತಿದಳು. "ಇವ್ರು ನಿಮ್ಗೆ ಏನಾಗ್ಬೇಕು?"

ಶೋಭಾ ಅವನನ್ನೊಮ್ಮೆ ನೋಡಿದಳು. "ಕಾರ್ನೋರು," ಎಂದಳು.

ಅವನು ಚೀಲವನ್ನು ಶೋಭಾಳ ಕೈಗೆ ಕೊಟ್ಟ. ಡ್ರೈವರುಗಳು ಹೊರಗೆ ಕೂರಬೇಕೆಂದು ನರ್ಸು ಹೇಳಿದ ಮೇಲೆ ಹೋಗಿ ಯತೀಶನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತ. ಕಚೇರಿಯಿಂದ ಫೋನು ಬಂತು. ಕೋಟೆಯಲ್ಲಿದ್ದೇನೆ ಎಂದ. ಕೋಟೆಯಲ್ಲೂ ಏನಾದರೂ ಶುರುಮಾಡುವ ಯೋಚನೆಯಿದೆಯೇ, ಯಾರ ಹೆಸರಿನಲ್ಲಿ ಎಂದು ಕೇಳಿದರು. ತಿಳಿಯುತ್ತಿಲ್ಲ ಎಂದ. ಆ ಮಾತನ್ನು ಅವನ ಬಾಯಲ್ಲಿ ಕೇಳಿ ಅಭ್ಯಾಸವಿಲ್ಲದವರು ಸರಿಯಾಗಿ ಕೇಳಿಸಲಿಲ್ಲವೆಂದು ಫೋನು ಇಟ್ಟು ಮತ್ತೆ ಮಾಡಿದರು.

ಸಂಜೆ ಜ್ವರ ಇಳಿದ ಮೇಲೆ ತಾಯಿಯನ್ನೂ ಮಗುವನ್ನೂ ಹಾಡಿಗೆ ಕರೆತಂದು ಬಿಟ್ಟ. ಮುಂದಿನ ವಾರ ಬರುತ್ತೇನೆ ಎಂದ. ಚೆನ್ನಿ 'ಬನ್ನಿ' ಎಂದಳು. ಯಾಕೆ ಎಂದು ಅವಳು ಕೇಳಲಿಲ್ಲ.